ಹಳದಿಗೆ ತಿರುಗಿದ ವಿಟಮಿನ್ ಸಿ

ಹೊತ್ತು ಮುಳುಗಿದ ಮೇಲೆ ನನಗೆ ಕಣ್ಣು ಕಾಣುವುದಿಲ್ಲ. ಹಗಲಿನಲ್ಲೂ ಎದುರಿಗಿರುವುದು ಮಾತ್ರ ಕಾಣುತ್ತದೆ. ಪಕ್ಕದಿಂದ ಬರುವ ಬೈಕು, ಕಾಲ ಬಳಿ ಮಲಗಿದ ನಾಯಿ ನನ್ನ ಪಾಲಿಗೆ ಇಲ್ಲವೇ ಇಲ್ಲ. ಹುಟ್ಟಿನಿಂದ ಬಂದ ಕಾಯಿಲೆ ಇದು, ಕಣ್ಣಿನ ಹಿಂಪರದೆ ವರ್ಷದಿಂದ ವರ್ಷಕ್ಕೆ ಅಂಚಿನಿಂದ ಸವೆಯುತ್ತ ಬರುತ್ತದೆ. ನನ್ನಕ್ಕನಿಗೂ ಇದೆ, ನನಗಿಂತ ಹೆಚ್ಚು. ನಮ್ಮವ್ವನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು; ಅಂಥ ಸಂಬಂಧಗಳಲ್ಲಿ ಇದು ಕಾಣಿಸಿಕೊಳ್ಳುವುದು ಹೆಚ್ಚು ಎಂದು ಡಾಕ್ಟರು ಹೇಳಿದ್ದು ನಾವಿಬ್ಬರೂ ನಡುವಯಸ್ಸಿಗೆ ಬಂದ ಮೇಲೆ. ಅದಕ್ಕೂ ಮುಂಚೆ ನಮ್ಮದು ವಿಟಮಿನ್ ಕೊರತೆ ಎಂದೇ ಎಲ್ಲರೂ ನಂಬಿದ್ದರು. ಅಜ್ಜಿ ನುಗ್ಗೆಸೊಪ್ಪು ಬೇಯಿಸಿ ಹಾಕಿದಳು, ಮೇಕೆಯ ಈಲಿ, ಅಂದರೆ ಲಿವರು, ಸುಟ್ಟು ತಿನ್ನಿಸಿದಳು. ಆಸ್ಪತ್ರೆಯವರು ಎಣ್ಣೆಯ ಗುಳಿಗೆ ಕೊಟ್ಟರು. ಮೈಗೆ ಒಳ್ಳೆಯದೇ ಆಗಿರಬೇಕು, ಕಣ್ಣಿಗೆ ಏನೂ ಆಗಲಿಲ್ಲ.

ನಾನು ಪುರವರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮನೆ ಮಧುಗಿರಿಯಲ್ಲಿ. ಬೈಕು ಬಿಟ್ಟು ಬಹಳ ವರ್ಷಗಳಾದವು, ಬಸ್ಸಿನಲ್ಲೇ ಓಡಾಟ. ಬಸ್ಸು ಎಲ್ಲಿ ನಿಂತರೂ ಕಂಡಕ್ಟರು ಕೈ ಹಿಡಿದು ಇಳಿಸುತ್ತಾರೆ. ಅಕ್ಕ ಇರುವುದು ಕೊರಟಗೆರೆ ಕಡೆ ಕೊಳಾಲದಲ್ಲಿ, ಮಗನ ಮನೆಯಲ್ಲಿ. ಅವಳಿಗೆ ಈಗ ಬೆಳಕು ಕತ್ತಲೆಯ ವ್ಯತ್ಯಾಸ ತಿಳಿಯುತ್ತದೆ, ಬಹಳ ಹತ್ತಿರ ಹಿಡಿದರೆ ಬಣ್ಣ ಗೊತ್ತಾಗುತ್ತದೆ, ಅಷ್ಟೆ. ಆದರೂ ತನ್ನ ಮೇಕೆಗಳನ್ನು ಕೂಗಿನಿಂದಲೇ ಬೇರೆ ಬೇರೆ ಗುರುತು ಹಿಡಿಯುತ್ತಾಳೆ.

ನಾನು ಹೇಳಹೊರಟಿರುವುದು ನನ್ನ ಶಿಷ್ಯೆಯೊಬ್ಬಳ ವಿಷಯ. ಅವಳು ಮಿಡಿಗೇಶಿಯಿಂದ ಆಚೆ, ಪಾವಗಡದ ರಸ್ತೆಯ ಹಳ್ಳಿಯವಳು. ಮನೆಯಲ್ಲಿ ತೆಲುಗು. ಅಪ್ಪ ಮಿಡಿಗೇಶಿಯಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತಿ ರಿಪೇರಿ ಮಾಡುತ್ತಿದ್ದವರು. ಪುರವರದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ನಮ್ಮ ಶಾಲೆಗೆ ಬರುತ್ತಿದ್ದಳು. ಅವಳ ಬಗ್ಗೆ ನನಗೆ ನೆನಪಿದ್ದದ್ದು ಒಂದೇ. ಸಂಧಿ ಬಿಡಿಸಲು ಕೊಟ್ಟಾಗ ತಪ್ಪು ಬರೆದಳು. ನಾನು ಸರಿಯಾದದ್ದನ್ನು ಬೋರ್ಡಿನ ಮೇಲೆ ಬರೆದೆ. ಎಲ್ಲರೂ ಅದನ್ನು ನಕಲು ಮಾಡಿಕೊಂಡು ಪುಟ ಮಗುಚಿದರು. ಇವಳು ಮಾತ್ರ ಎದ್ದು ನಿಂತು, "ಸಾರ್, ಅದು ಸರಿ ಅಂತ ಗೊತ್ತಾಯ್ತು. ನಾನು ಬರ್ದಿದ್ದು ಯಾಕೆ ತಪ್ಪು?" ಎಂದು ಕೇಳಿದ್ದಳು. ಅದನ್ನು ವಿವರಿಸಲು ಆ ದಿನದ ಪೀರಿಯಡ್ಡೆಲ್ಲ ಹಿಡಿಯಿತು.

ಆಮೇಲೆ ಅವಳನ್ನು ಕಂಡದ್ದು ಮಧುಗಿರಿಯ ಕಣ್ಣಿನ ಶಿಬಿರವೊಂದರಲ್ಲಿ. ಬೆಂಗಳೂರಿನಿಂದ ಬಂದ ಡಾಕ್ಟರುಗಳ ಜೊತೆಗಿದ್ದಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ನಮ್ಮಂಥ ಮನೆತನಗಳನ್ನು ಹುಡುಕುತ್ತಿದ್ದರು. ನನ್ನ ಸರದಿ ಬಂದಾಗ ಅವಳೇ ಎದ್ದು ಬಂದು, "ಸಾರ್, ನಾನು. ಧ್ವನಿ ಗುರುತು ಸಿಕ್ತಾ?" ಎಂದಳು. ಡಾಕ್ಟರಲ್ಲ, ಸಂಶೋಧನೆ ಮಾಡುತ್ತಿದ್ದೇನೆ ಎಂದು ಹೇಳಿದಳು. ಯಾವುದರ ಮೇಲೆ ಎಂದು ಕೇಳಿದೆ.

"ಸ್ಟೆಮ್ ಸೆಲ್ ಮೇಲೆ. ಪುಸ್ತಕದಲ್ಲಿ ಕಾಂಡಕೋಶ ಅಂತಾರೆ ಸಾರ್. ಆ ಪದ ಹೇಳಿದ್ರೆ ನಮ್ಮೂರಲ್ಲಿ ಎಲ್ಲ ಗಿಡದ ಕಾಂಡ ಅಂದ್ಕೋತಾರೆ. ನೀವೇ ಒಂದು ಒಳ್ಳೆ ಪದ ಹುಡುಕ್ಕೊಡಿ."

ನಾನು ಇನ್ನೂ ಹುಡುಕುತ್ತಿದ್ದೇನೆ. ಆಕರಕೋಶ ಎನ್ನುವುದು ಸ್ವಲ್ಪ ವಾಸಿ.

ಕೆಲವು ವಾರಗಳ ನಂತರ ಅವಳೂ ಒಬ್ಬ ಡಾಕ್ಟರೂ ನಮ್ಮ ಮನೆಗೆ ಬಂದರು. ಅಕ್ಕನನ್ನೂ ಕರೆಸಿದ್ದೆ. ನಮ್ಮಿಬ್ಬರ ತೋಳಿನಿಂದ ಚರ್ಮದ ಸಣ್ಣ ಚೂರು ಬೇಕಾಗಿತ್ತು. ಆ ಚರ್ಮದ ಕೋಶಗಳನ್ನು ಬೆಳೆಸಿ, ಹುಟ್ಟಿಗೂ ಮುಂಚಿನ ಸ್ಥಿತಿಗೆ ಹಿಂದಿರುಗಿಸಿ, ಆಮೇಲೆ ಅವುಗಳಿಂದಲೇ ಕಣ್ಣಿನ ಹಿಂಪರದೆಯ ಕೋಶಗಳನ್ನು ಮಾಡುತ್ತಾರಂತೆ. ಬದುಕಿರುವವರ ಹಿಂಪರದೆಯನ್ನು ಕತ್ತರಿಸಿ ನೋಡಲಾಗದಲ್ಲ, ಆದ್ದರಿಂದ ಹೀಗೆ ಮಾಡಿ ಕಾಯಿಲೆ ಎಲ್ಲಿ ಶುರುವಾಗುತ್ತದೆ ಎಂದು ಲ್ಯಾಬಿನ ಪುಟ್ಟ ತಟ್ಟೆಯಲ್ಲಿ, ಅಂದರೆ ಡಿಶ್‌ನಲ್ಲೇ ನೋಡುವುದು.

ನಾವು ಒಪ್ಪುವ ಮೊದಲೇ ಅವಳು ಒಂದು ಮಾತು ಹೇಳಿದಳು. "ಇದ್ರಿಂದ ನಿಮ್ಮಿಬ್ರಿಗೂ ಕಣ್ಣು ಬರಲ್ಲ. ಅದನ್ನ ಈಗ್ಲೇ ಹೇಳ್ಬುಡ್ತೀನಿ. ಆಮೇಲೆ ಯೋಚ್ನೆ ಮಾಡಿ."

"ಕಣ್ಣು ಬರಕಿಲ್ಲ ಅಂದ್ಮೇಲೆ ಚರ್ಮ ಯಾಕಮ್ಮ?" ಎಂದು ಅಕ್ಕ ಕೇಳಿದಳು.

"ಯಾಕೆ ಹೋಗ್ತದೆ ಅಂತ ತಿಳ್ಕೊಳ್ಳಕ್ಕೆ ದೊಡ್ಡಮ್ಮ. ತಿಳಿದ್ರೆ ಮುಂದೆ ಯಾರಿಗಾದ್ರೂ ದಾರಿ ಆಗ್ಬೋದು. ಆಗ್ದೇನೂ ಇರ್ಬೋದು."

ಅಕ್ಕ "ನಿಜ ಹೇಳ್ತಾಳೆ ಕಣ್ಲಾ ಇವ್ಳು" ಎಂದು ನನ್ನ ಕಡೆ ತಿರುಗಿದಳು. ನನಗಿಂತ ಮೊದಲು ತೋಳು ಕೊಟ್ಟವಳು ಅವಳೇ.

ಚರ್ಮದ ಗಾಯ ಬೇಗನೆ ಮಾಯಿತು. ಆದರೆ ಆಮೇಲೆ ಬಹಳ ದಿನ ಸುದ್ದಿಯಿಲ್ಲ. ನನ್ನ ಶಿಷ್ಯೆ ಬೆಂಗಳೂರಿನಿಂದ ಊರಿಗೆ ಹೋಗುವಾಗ ಮಧುಗಿರಿಯಲ್ಲಿ ಬಸ್ಸು ಬದಲಿಸುತ್ತಿದ್ದಳು, ನಡುವೆ ಸಮಯ ಸಿಕ್ಕರೆ ನಮ್ಮ ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದಳು. ಒಮ್ಮೆ ಹಾಗೆ ಬಂದಾಗ ಅವಳ ಮಾತಿನಲ್ಲಿ ಎಂದಿನ ಬಿಸಿ ಇರಲಿಲ್ಲ. ಏನೆಂದು ಕೇಳಿದೆ.

"ಕೋಶ ಬೆಳೀತವೆ ಸಾರ್, ಆದ್ರೆ ಹಿಂದಕ್ಕೆ ಹೋಗಲ್ಲ ಅಂತವೆ. ಒಂದು ಸಲ ಚೆನ್ನಾಗಿ ಬರ್ತವೆ, ಇನ್ನೊಂದು ಸಲ ಅದೇ ಕೆಲಸ ಮಾಡಿದ್ರೂ ಒಂದೂ ಬರಲ್ಲ. ಡಿಶ್‌ನಲ್ಲೇ ಮುದಿಯಾಗಿ ಕೂತ್ಕೊಂಡ್ಬುಡ್ತವೆ."

ಕನ್ನಡ ಮೇಷ್ಟ್ರಿಗೆ ಅರ್ಥವಾಗುವ ಹಾಗೆ ಹೇಳು ಎಂದೆ. ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಮೈಯ ಪ್ರತಿಯೊಂದು ಕೋಶದಲ್ಲೂ ಪೂರ್ತಿ ದೇಹ ಕಟ್ಟುವ ಸೂಚನೆ ಇರುತ್ತದೆ. ಚರ್ಮದ ಕೋಶ ತನಗೆ ಬೇಡದ ಸೂಚನೆಗಳಿಗೆಲ್ಲ ಮುಚ್ಚುವ ಗುರುತು ಹಾಕಿಕೊಂಡು ಚರ್ಮವಾಗಿಯೇ ಉಳಿದಿರುತ್ತದೆ. ಅದನ್ನು ಹಿಂದಕ್ಕೆ ಕರೆಯಲು ನಾಲ್ಕು ಜೀನುಗಳನ್ನು ಒಳಗೆ ಕಳಿಸುತ್ತಾರೆ. ಆಗ ಮುಚ್ಚಿದ ಗುರುತುಗಳು ಒಂದೊಂದಾಗಿ ಅಳಿಯಬೇಕು. ಅಳಿಸುವ ಕೆಲಸ ಕೆಲವು ಕಿಣ್ವಗಳದು. ಆ ಕಿಣ್ವಗಳ ಒಡಲಲ್ಲಿ ಕಬ್ಬಿಣದ ಒಂದು ಕಣ ಇರುತ್ತದೆ. ಅದು ಸರಿಯಾದ ಸ್ಥಿತಿಯಲ್ಲಿದ್ದರೆ ಮಾತ್ರ ಕಿಣ್ವ ಕೆಲಸ ಮಾಡುತ್ತದೆ. ಕಬ್ಬಿಣವನ್ನು ಆ ಸ್ಥಿತಿಯಲ್ಲಿ ಇಡುವುದು ವಿಟಮಿನ್ ಸಿ. ಅದನ್ನು ಸೇರಿಸಿದರೆ ಹಿಂದಿರುಗುವ ಕೋಶಗಳು ಹೆಚ್ಚುತ್ತವೆ, ಬೇಗ ಮುದಿಯಾಗುವುದೂ ಕಡಿಮೆಯಾಗುತ್ತದೆ. ಇದು ಅವಳು ಕಂಡುಹಿಡಿದದ್ದಲ್ಲ, ಬೇರೆಯವರು ಮೊದಲೇ ತೋರಿಸಿದ್ದು.

"ನೆಲ್ಲಿಕಾಯಲ್ಲಿ ಇರ್ತದಲ್ಲ, ಅದೇ ವಿಟಮಿನ್ನಾ?" ಎಂದೆ.

"ಅದೇ ಸಾರ್. ಮನುಷ್ಯರು ಅದನ್ನ ಮೈಯಲ್ಲಿ ತಯಾರು ಮಾಡ್ಕೊಳ್ಳಲ್ಲ, ಊಟದಲ್ಲೇ ಬರ್ಬೇಕು. ಮೇಕೆ ಮಾಡ್ಕೊಳ್ತದೆ."

ಈ ವಿಷಯವನ್ನು ಫೋನಿನಲ್ಲಿ ಅಕ್ಕನಿಗೆ ಹೇಳಿದಾಗ ಅವಳು, "ನಮ್ಮೇಕೆಗಳಿಗೆ ಅಷ್ಟು ಬುದ್ಧಿ ಐತಾ" ಎಂದು ನಕ್ಕಳು. ಆಮೇಲೆ ಎಷ್ಟೋ ದಿನ ಮೇಕೆಗಳಿಗೆ ಸೊಪ್ಪು ಹಾಕುವಾಗ ಅದನ್ನೇ ಹೇಳಿಕೊಂಡು ನಗುತ್ತಿದ್ದಳಂತೆ.

ಮುಂದಿನ ಸಲ ಮನೆಗೆ ಬಂದಾಗ ಶಿಷ್ಯೆಯ ದನಿ ಬದಲಾಗಿತ್ತು. ತೊಂದರೆ ಎಲ್ಲಿದೆ ಎಂದು ಗೊತ್ತಾಗಿತ್ತು. ನೀರಿನಲ್ಲಿ ಕರಗಿಸಿಟ್ಟ ವಿಟಮಿನ್ ಸಿ ಮೊದಲು ಬಣ್ಣವಿಲ್ಲದೆ ಇರುತ್ತದೆ. ಕೆಲವು ದಿನ ಬಿಟ್ಟರೆ ನಿಧಾನವಾಗಿ ಹಳದಿಗೆ ತಿರುಗುತ್ತದೆ. ಕೋಶಗಳನ್ನು ಇಡುವ ಬೆಚ್ಚನೆಯ ಪೆಟ್ಟಿಗೆಯಲ್ಲಂತೂ ಇನ್ನೂ ಬೇಗ ಒಡೆಯುತ್ತದೆ. ಕೆಲಸ ಕೆಟ್ಟ ವಾರಗಳಲ್ಲೆಲ್ಲ ಅವಳು ಬಳಸಿದ್ದು ಹಳೆಯ ಬಾಟಲಿ.

"ಹಂಗಾದ್ರೆ ಮುಗೀತಲ್ಲ, ಹೊಸದು ಮಾಡ್ಕೊಂಡ್ರಾಯ್ತು" ಎಂದೆ.

"ನಮ್ಮ ಗೈಡೂ ಹಂಗೇ ಅಂದ್ರು. ಬೇಗ ಕೆಡದೇ ಇರೋ ಇನ್ನೊಂದು ರೂಪದ ವಿಟಮಿನ್ ಸಿನೂ ಸಿಗ್ತದೆ, ಅದನ್ನ ತಗೊಂಡು ಮುಂದುವರಿ ಅಂದ್ರು. ತಗೊಂಡೆ. ಕೋಶನೂ ಬಂದ್ವು. ನೀವು ಚರ್ಮ ಕೊಟ್ಟ ಕೆಲಸ ನಿಂತಿಲ್ಲ ಸಾರ್." ಕಾಫಿ ಲೋಟ ಕೆಳಗಿಟ್ಟಳು. "ಆದ್ರೆ ಹಳೇದ್ರಲ್ಲಿ ಯಾಕೆ ಬರ್ಲಿಲ್ಲ ಅಂತ ಗೊತ್ತಾಗ್ಬೇಕಲ್ಲ. ವಿಟಮಿನ್ ಇಲ್ದೇ ಹೋಗಿದ್ದಕ್ಕೆ ಬರ್ಲಿಲ್ವಾ, ಇಲ್ಲಾ ಒಡೆದ ಚೂರುಗಳು ಅಡ್ಡ ಬಂದ್ವಾ? ಎರಡೂ ಒಂದೇ ಅಲ್ಲ."

ಒಡೆದು ಕೆಟ್ಟದ್ದನ್ನು ಚೆಲ್ಲುವುದು ಯಾರಿಗೂ ತಿಳಿಯುತ್ತದೆ. ಕೆಟ್ಟದ್ದರಲ್ಲಿ ಏನಿದೆ ಎಂದು ಕುಳಿತು ನೋಡುವವರು ಅಪರೂಪ.

ಅವಳ ಗೈಡು ಒಳ್ಳೆಯವರು. ನಿನ್ನ ಮುಖ್ಯ ಕೆಲಸ ಹಿಂದೆ ಬೀಳದಿದ್ದರೆ ಇದನ್ನೂ ಮಾಡು ಎಂದು ಪೆಟ್ಟಿಗೆಯ ಒಂದು ಅರೆಯನ್ನು ಅವಳಿಗೇ ಬಿಟ್ಟುಕೊಟ್ಟರು. ಮುಂದೆ ತಿಂಗಳುಗಟ್ಟಲೆ ಅವಳ ಬದುಕು ಆ ಅರೆಯ ಸುತ್ತಲೇ ನಡೆಯಿತು. ಊರಿನಲ್ಲಿ ಮದುವೆ ಇದ್ದರೂ ಬೆಳಗಿನ ಶಾಸ್ತ್ರ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಅವರಮ್ಮ ಒಮ್ಮೆ ನನ್ನ ಹತ್ತಿರ, "ಮಗೂಗೆ ಹಾಲು ಕುಡ್ಸೋಳಂಗೆ ಓಡ್ತಾಳೆ ಸಾರ್, ನೀವಾದ್ರೂ ಹೇಳಿ" ಎಂದರು. ಡಿಶ್‌ನ ನೀರನ್ನು ಹೊತ್ತು ಹೊತ್ತಿಗೆ ಬದಲಿಸದಿದ್ದರೆ ಎಲ್ಲ ವ್ಯರ್ಥ ಎಂದು ಅವರಿಗೇ ಹೇಳಿದೆ.

ವಿಟಮಿನ್ ಸಿ ಒಡೆಯುವ ಬಗೆಯನ್ನು ಅವಳು ನಮ್ಮ ಮನೆಯ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದು ತೋರಿಸಿದಳು, ನನಗೆ ಕಾಣಲಿ ಎಂದು. ಮೊದಲ ಹಂತದಲ್ಲಿ ಅದು ಪೂರ್ತಿ ಕೆಟ್ಟಿರುವುದಿಲ್ಲ. ಆ ರೂಪವನ್ನು ಕೋಶ, ಸಕ್ಕರೆ ಒಳಗೆ ಹೋಗುವ ಬಾಗಿಲಿನಿಂದಲೇ ಒಳಗೆ ಬಿಟ್ಟುಕೊಂಡು, ಮತ್ತೆ ವಿಟಮಿನ್ ಸಿ ಮಾಡಿಕೊಳ್ಳಬಲ್ಲದು. ಆದರೆ ಆ ರೂಪ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎರಡನೆಯ ಹಂತದಲ್ಲಿ ಅದರ ಉಂಗುರ ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ವಾಪಸು ಬರುವ ದಾರಿಯಿಲ್ಲ. ಆಮೇಲೆ ಇನ್ನೂ ಸಣ್ಣ ಚೂರುಗಳು. ಕಿಡ್ನಿಯ ಕಲ್ಲಿನಲ್ಲಿ ಸಿಗುವ ಆಕ್ಸಲೇಟು ಅದರಲ್ಲಿ ಒಂದು.

ಅವಳು ಡಿಶ್‌ಗಳನ್ನು ಬೇರೆ ಬೇರೆ ಮಾಡಿದಳು. ಕೆಲವಕ್ಕೆ ತಾಜಾ ವಿಟಮಿನ್ ಸಿ. ಕೆಲವಕ್ಕೆ ಮೊದಲ ಹಂತದ ರೂಪ, ಅದನ್ನು ಮತ್ತೆ ಮತ್ತೆ ಹೊಸದಾಗಿ ಹಾಕುತ್ತ. ಕೆಲವಕ್ಕೆ ಪೂರ್ತಿ ಒಡೆದ ಹಳದಿ ನೀರು. ಮತ್ತೆ ಕೆಲವಕ್ಕೆ ಹಳದಿ ನೀರಿನ ಜೊತೆಗೆ ತಾಜಾ ವಿಟಮಿನ್ನೂ. ಏನನ್ನೂ ಹಾಕದ ಡಿಶ್‌ಗಳೂ ಹೋಲಿಕೆಗೆ ಇದ್ದವು. ನಾಲ್ಕನೆಯ ಬಗೆಯ ಮೇಲೆಯೇ ಅವಳ ಕಣ್ಣು. ಚೂರುಗಳು ಅಡ್ಡ ಬರುತ್ತವೆಯೋ ಇಲ್ಲವೋ ಅಲ್ಲಿ ತಿಳಿಯಬೇಕು.

ಮೊದಲ ಸಲ ಇಡೀ ಅರೆಗೆ ಬೂಷ್ಟು ಹತ್ತಿತು. ಎಲ್ಲವನ್ನೂ ಚೆಲ್ಲಿ ಮತ್ತೆ ಶುರು ಮಾಡಿದಳು. ಎರಡನೆಯ ಸಲ ಬಂದದ್ದನ್ನು ತಾನೇ ನಂಬದೆ ಮತ್ತೆ ಮಾಡಿದಳು. ಕೊನೆಗೆ ಒಂದು ಭಾನುವಾರ ಬೆಳಗ್ಗೆ ಫೋನು ಬಂತು.

"ಸಾರ್, ಚೂರುಗಳು ಕಳ್ಳರಲ್ಲ."

"ಅಂದ್ರೆ?"

"ತಾಜಾ ಹಾಕಿದ್ರಲ್ಲಿ ಚೆನ್ನಾಗಿ ಬಂದಿದಾವೆ. ಮೊದಲ್ನೇ ಹಂತದ್ದು ಹಾಕಿದ್ರಲ್ಲೂ ಬಂದಿದಾವೆ, ಸ್ವಲ್ಪ ಕಮ್ಮಿ. ಬರೀ ಹಳದಿ ನೀರು ಹಾಕಿದ್ರಲ್ಲಿ ಏನೂ ಹಾಕ್ದೇ ಇದ್ದಂಗೇ ಐತೆ. ಆದ್ರೆ ಹಳದಿ ನೀರಿನ ಜೊತೆ ತಾಜಾ ಹಾಕಿದ್ರಲ್ಲಿ ಹೆಚ್ಚುಕಮ್ಮಿ ತಾಜಾದಷ್ಟೇ ಬಂದಿದಾವೆ. ಇಷ್ಟು ದಿನ ಕೆಲಸ ಕೆಟ್ಟಿದ್ದು ವಿಟಮಿನ್ ಇಲ್ದೇ ಹೋಗಿದ್ದಕ್ಕೆ."

ಖುಷಿಯಾಗಿದ್ದೀಯಾ ಎಂದು ಕೇಳಿದೆ. "ಚೂರುಗಳು ಏನೋ ದೊಡ್ಡದು ಮಾಡ್ತಾವೆ ಅಂತ ಒಳಗೊಳಗೇ ಆಸೆ ಇತ್ತು ಸಾರ್. ಇದು ಸಣ್ಣ ಉತ್ತರ. ಹಳದಿ ನೀರು ಜಾಸ್ತಿ ಹಾಕಿದ್ರೆ ಕೋಶ ಸೊರಗ್ತವೆ, ಅದು ಯಾವ ಚೂರಿಂದ ಅಂತ ಇನ್ನೂ ಗೊತ್ತಿಲ್ಲ. ಬೇರೆಯವರು ಬೇರೆ ತರ ಮಾಡಿದ್ರೆ ಬೇರೆ ತರನೇ ಬರ್ಬೋದು. ಆದ್ರೂ ನಂಗೆ ಗೊತ್ತಿರೋದು ಗೊತ್ತಾಯ್ತು, ಗೊತ್ತಿಲ್ದಿರೋದೂ ಗೊತ್ತಾಯ್ತು."

ನಾನು ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಆಸೆ ಪಟ್ಟದ್ದಕ್ಕೆ ವಿರುದ್ಧವಾಗಿ ಬಂದ ಉತ್ತರವನ್ನು ಇಷ್ಟು ನೆಟ್ಟಗೆ ಒಪ್ಪಿಕೊಂಡವರನ್ನು ಹೆಚ್ಚಾಗಿ ಕಂಡಿಲ್ಲ.

ಆ ಬೇಸಿಗೆಯಲ್ಲಿ ಕೋಶಗಳನ್ನು ನೋಡಲು ನಮ್ಮನ್ನು ಬೆಂಗಳೂರಿಗೆ ಕರೆದಳು. ಚರ್ಮ ಕೊಟ್ಟವರಿಗೆಲ್ಲ ಲ್ಯಾಬು ತೋರಿಸುವ ದಿನವಂತೆ. ಅಕ್ಕ ನನ್ನ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಿದ್ದಳು, ನಾನು ಗೋಡೆಯ ಮೇಲೆ ಕೈಯಿಟ್ಟು. ಬಾಗಿಲಲ್ಲಿ ಶಿಷ್ಯೆ, ಧೂಳು ಒಳಗೆ ಬರದಿರಲೆಂದು, ನಮ್ಮಿಬ್ಬರ ಕಾಲಿಗೂ ತಾನೇ ಬಗ್ಗಿ ಬಟ್ಟೆಯ ಚೀಲ ಹಾಕಿದಳು. ಒಳಗೆ ಮೈಕ್ರೋಸ್ಕೋಪಿನ ಚಿತ್ರವನ್ನು ದೊಡ್ಡ ಟಿ.ವಿ.ಗೆ ಬರುವಂತೆ ಮಾಡಿ, ಪರದೆಯ ಹತ್ತಿರವೇ ಕುರ್ಚಿ ಹಾಕಿದ್ದಳು.

ಮೊದಲು ಚರ್ಮದ ಕೋಶ ತೋರಿಸಿದಳು. ಉದ್ದುದ್ದಕ್ಕೆ, ಗಾಳಿಗೆ ಒಂದೇ ಕಡೆ ಬಾಗಿದ ಹುಲ್ಲಿನ ಹಾಗಿದ್ದವು. ಆಮೇಲೆ ಹಿಂದಿರುಗಿದ ಕೋಶಗಳು. ಗುಂಡನೆಯ ಗುಂಪು, ಅಂಚು ಹೊಳೆಯುತ್ತಿತ್ತು, ಒಳಗೆಲ್ಲ ದಾಳಿಂಬೆಯ ಕಾಳಿನಂತೆ ಒತ್ತೊತ್ತಾಗಿ ಸಣ್ಣ ಸಣ್ಣ ಕೋಶಗಳು. ನನ್ನ ಕಣ್ಣಿಗೆ ಅಷ್ಟೂ ಒಟ್ಟಿಗೆ ಕಾಣುವುದಿಲ್ಲ. ತಲೆಯನ್ನು ಮೆಲ್ಲಗೆ ತಿರುಗಿಸುತ್ತ ಅಂಚಿನ ಸುತ್ತ ಒಂದು ಸುತ್ತು ನೋಡಿದೆ.

ಅಕ್ಕ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು. "ಏನೋ ಬೆಳ್ಳಗೆ ಐತೆ. ಅಷ್ಟೇ ಕಣಮ್ಮ" ಎಂದಳು.

ಅವಳು ಅಕ್ಕನ ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಮೊದಲು ಬೆರಳಿನಿಂದ ಉದ್ದುದ್ದ ಗೆರೆ ಎಳೆದು, "ಚರ್ಮವಾಗಿದ್ದಾಗ ಹಿಂಗಿತ್ತು ದೊಡ್ಡಮ್ಮ" ಎಂದಳು. ಆಮೇಲೆ ಅಂಗೈ ನಡುವೆ ನಿಧಾನವಾಗಿ ಒಂದು ವೃತ್ತ ಎಳೆದು, ಒಳಗೆಲ್ಲ ಬೆರಳ ತುದಿಯಿಂದ ಚುಕ್ಕಿ ಚುಕ್ಕಿ ಒತ್ತಿ, "ಈಗ ಹಿಂಗಾಗೈತೆ. ಒಂದಕ್ಕೊಂದು ಅಂಟ್ಕೊಂಡು, ದುಂಡಗೆ. ಇನ್ನು ಇದನ್ನ ಕಣ್ಣಿನ ಪರದೆ ಮಾಡ್ಬೋದು, ಗುಂಡಿಗೆಯ ಮಾಂಸನೂ ಮಾಡ್ಬೋದು" ಎಂದಳು.

"ಇದು ನಂದಾ?"

"ಗೊತ್ತಿಲ್ಲ. ಡಿಶ್ ಮೇಲೆ ಬರೀ ನಂಬರ್ ಇರ್ತದೆ. ಯಾರ ನಂಬರ್ ಯಾವ್ದು ಅಂತ ನಮಗೆ ಹೇಳಲ್ಲ. ಹೇಳ್ಬಾರ್ದು ಅಂತ್ಲೇ ನಿಯಮ."

ಅಕ್ಕ ಅಂಗೈಯನ್ನು ಮುಚ್ಚಿಕೊಂಡಳು. "ಯಾರ್ದಾದ್ರೂ ಆಗ್ಲಿ ಬುಡು. ಚೆಂದಾಗಿ ಬೆಳೀಲಿ."

ಅವಳ ಸಂಶೋಧನೆಗೆ ಡಾಕ್ಟರೇಟ್ ಬಂದದ್ದು ಅದರ ಮುಂದಿನ ವರ್ಷ. ಕಣ್ಣಿನ ಪರದೆಯ ಕೋಶಗಳ ಕೆಲಸ ಈಗಲೂ ನಡೆಯುತ್ತಿದೆ, ಉತ್ತರ ಬಂದಿಲ್ಲ. ಡಾಕ್ಟರೇಟ್ ಬಂದ ಕೂಡಲೇ ಅವಳು ಮಾಡಿದ ಕೆಲಸವೆಂದರೆ, ಚರ್ಮ ಕೊಟ್ಟ ಎಲ್ಲ ಮನೆಗಳಿಗೂ ಹೋಗಿ ಏನಾಯಿತೆಂದು ಹೇಳಿ ಬಂದದ್ದು. ಮಾಡಲೇಬೇಕು ಎಂದು ಯಾರೂ ಹೇಳಿರಲಿಲ್ಲ. ಪದಗಳಿಗಾಗಿ ನನ್ನನ್ನೂ ಜೊತೆಗೆ ಕರೆದುಕೊಂಡಳು. ಶಿರಾದಲ್ಲಿ ಒಬ್ಬ ಮುದುಕಿ "ಬೈಠೋ ಬೇಟಿ" ಎಂದು ಪಕ್ಕದಲ್ಲಿ ಕೂರಿಸಿಕೊಂಡರು. ಇವಳು ತನಗೆ ಬರುವ ಅರೆಬರೆ ಉರ್ದುವಿನಲ್ಲೇ ಎಲ್ಲ ಹೇಳಿದಳು, ಅವರು ತಿದ್ದುತ್ತ ಕೇಳಿದರು.

ಕೊನೆಗೆ ಹೋದದ್ದು ಪಾವಗಡದ ಆಚೆಯ ಒಂದು ಹಳ್ಳಿಗೆ. ಸೋಲಾರ್ ಫಲಕಗಳ ಬಯಲು ದಾಟಿ ಹೋಗಬೇಕು. ಆ ಮನೆಯ ಮಗಳು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು, ಅವಳಿಗೂ ನಮ್ಮದೇ ಕಾಯಿಲೆ. ವಿಷಯವೆಲ್ಲ ಕೇಳಿದ ಮೇಲೆ ತಾಯಿ ಕೇಳಿದರು.

"ಏಮಮ್ಮಾ, ಹಂಗಾದ್ರೆ ವಿಟಮಿನ್ ಸಿ ಮಾತ್ರೆ ಕೊಡ್ಬೋದಲ್ಲ ಇವ್ಳಿಗೆ? ಎಷ್ಟು ಕೊಡ್ಬೇಕೋ ಚೆಪ್ಪು, ಇವತ್ತೇ ತರಿಸ್ತೀನಿ."

ಆ ತಾಯಿಯ ಮುಖ ನನಗೆ ನೇರ ಎದುರಿಗಿತ್ತು, ಆದ್ದರಿಂದ ಚೆನ್ನಾಗಿ ಕಂಡಿತು. ಇಲ್ಲ ಎನ್ನಲು ನನ್ನಿಂದ ಆಗುತ್ತಿರಲಿಲ್ಲ.

"ಲೇದಮ್ಮಾ" ಎಂದಳು ಅವಳು, ಮೆತ್ತಗೆ. "ಡಿಶ್‌ನಲ್ಲಿರೋ ಚರ್ಮದ ಕೋಶಕ್ಕೆ ಅದು ಸಹಾಯ ಮಾಡ್ತದೆ. ಕಣ್ಣೊಳಗೆ ಈ ಕಾಯಿಲೆ ನಿಲ್ಸಲ್ಲ. ಮಾತ್ರೆ ಸುಮ್ನೆ ಜಾಸ್ತಿ ನುಂಗಿದ್ರೆ ಕಿಡ್ನಿಯಲ್ಲಿ ಕಲ್ಲಾಗೋ ಭಯನೂ ಇದೆ. ಸೀಬೆಹಣ್ಣು ತಿನ್ಲಿ, ನೆಲ್ಲಿಕಾಯಿ ತಿನ್ಲಿ, ಎಲ್ರೂ ತಿನ್ನೋ ಹಂಗೆ. ಕಣ್ಣಿಗೆ ಅಂತ ಬೇಡ."

ತಾಯಿ ಎದ್ದು ಒಳಗೆ ಹೋದರು. ನಮ್ಮ ಮೇಲೆ ಬೇಸರವಾಯಿತೇನೋ ಎಂದುಕೊಂಡೆ. ಮಜ್ಜಿಗೆ ತಂದರು. ಕುಡಿಯುವವರೆಗೂ ಎದುರಿಗೇ ನಿಂತಿದ್ದು, "ಎಲ್ರೂ ಬರ್ತಾರೆ, ಏನಾರ ಮಾರಿ ಹೋಗ್ತಾರೆ. ನೀನು ಇಲ್ಲ ಅಂತ ಹೇಳಕ್ಕೆ ಇಷ್ಟು ದೂರ ಬಂದಿದ್ದೀಯ" ಎಂದರು.

ಅಷ್ಟು ಹೊತ್ತೂ ಮಾತಾಡದೆ ಕುಳಿತಿದ್ದ ಮಗಳು ಆಗ ಬಾಯಿ ಬಿಟ್ಟಳು. "ಮೇಡಂ, ಆ ಗುಂಡಗಿರೋ ಕೋಶ ನಾನು ನೋಡ್ಬೋದಾ? ಕೆಮಿಸ್ಟ್ರಿ ನಂಗೆ ತುಂಬಾ ಇಷ್ಟ. ಹಳದಿ ನೀರು ಜಾಸ್ತಿ ಹಾಕಿದ್ರೆ ಸೊರಗ್ತವೆ ಅಂದ್ರಲ್ಲ, ಯಾವ ಚೂರಿಂದ ಅಂತ ಹೆಂಗೆ ಕಂಡುಹಿಡೀತೀರ?"

ಇವಳು ಮಜ್ಜಿಗೆ ಲೋಟ ಬದಿಗಿಟ್ಟು ಅವಳ ಹತ್ತಿರ ಸರಿದು ಕುಳಿತಳು. ಇಬ್ಬರೂ ತೆಲುಗು, ಕನ್ನಡ, ಇಂಗ್ಲಿಷು ಬೆರೆಸಿ ಮಾತಿಗೆ ಶುರುಮಾಡಿದರು. ನನಗೆ ಅರ್ಧವೂ ತಿಳಿಯಲಿಲ್ಲ. ಮಧುಗಿರಿಯ ಬಸ್ಸು ಬಂದು ಹಾರ್ನ್ ಹೊಡೆದು ಹೋಯಿತು. ಇಬ್ಬರೂ ತಲೆ ಎತ್ತಲಿಲ್ಲ. ನಾನೂ ಎಚ್ಚರಿಸಲಿಲ್ಲ. ಇನ್ನೊಂದು ಬಸ್ಸಿತ್ತು.